ಬೀದರ್ ಕೋಟೆ: ಕಟ್ಟಿದ್ದಕ್ಕಿಂತ ಅಗೆದದ್ದೇ ಜಾಸ್ತಿ

(ಬೀದರಿನಲ್ಲಿ ಗೆಳೆಯರು ಸೇರಿಸಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಗಡಿಬಿಡಿಯಲ್ಲಿ ಬಿಟ್ಟದ್ದನ್ನು ಸೇರಿಸಿದ್ದೇನೆ.)

ನಾನು ಮೈಕ್ ಹಿಡಿದು ನಮಸ್ಕಾರ ಹೇಳುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿದರು. ‘ಸರ, ಸಭೆಗೆ ಕರೆದ ಚೀಟಿಯೊಳಗ ಬೀದರ್ ಕೋಟೆಗೆ ಗುಡ್ಡದ ಕೋಟೆ ಅಂತ ಬರ್ದೀರಿ. ನಾ ಇಲ್ಲೇ ಹುಟ್ಟಿ ಇಲ್ಲೇ ಬೆಳದಾಂವ. ಬೀದರಿನಾಗ ಗುಡ್ಡ ಎಲ್ಲಿ ಅದ ಹೇಳ್ರಿ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಈ ಪ್ರಶ್ನೆ ಕೇಳದಿದ್ದರೆ ನಾನೇ ಕೇಳಿಕೊಳ್ಳಬೇಕಾಗಿತ್ತು. ಯಾದಗಿರಿಗೆ ಹೋದರೆ ಈ ಗೊಂದಲವೇ ಇಲ್ಲ. ಊರ ಬೆನ್ನಿಗೇ ದೊಡ್ಡ ಕಲ್ಲುಗುಡ್ಡ ನಿಂತಿದೆ, ಅದರ ಮೇಲೆ ಕೋಟೆ. ಹತ್ತುವಾಗ ಏದುಸಿರು ಬರುತ್ತದೆ, ಬಂದಾಗ ಗುಡ್ಡ ಅಂತ ಗೊತ್ತಾಗುತ್ತದೆ. ಕಲಬುರಗಿ ಕೋಟೆ ಬಯಲಿನದು, ಅಲ್ಲೂ ಗೊಂದಲವಿಲ್ಲ. ಬೀದರಿಗೆ ಬಂದರೆ ಮಾತ್ರ ಪೇಚು. ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತಿ ಚೌಬಾರಾ ದಾಟಿ ಸೀದಾ ಕೋಟೆ ಬಾಗಿಲಿಗೇ ಹೋಗಿ ಇಳಿಯುತ್ತೀರಿ. ಒಂದು ಮೆಟ್ಟಿಲೂ ಹತ್ತಿರುವುದಿಲ್ಲ. ಹಾಗಾದರೆ ಗುಡ್ಡ ಎಲ್ಲಿ?

ಕಾಲ ಕೆಳಗಿದೆ. ಬೀದರ್ ಊರೇ ಗುಡ್ಡದ ನೆತ್ತಿಯ ಮೇಲೆ ಕೂತಿದೆ. ನೆತ್ತಿ ಚಪ್ಪಟೆ, ಅದಕ್ಕೇ ಗೊತ್ತಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 2200 ಅಡಿ ಎತ್ತರದ ಹಾಸು ಇದು. ಕೋಟೆ ಇರುವುದು ಆ ಹಾಸಿನ ಅಂಚಿನಲ್ಲಿ. ಇದನ್ನು ಕಣ್ಣಾರೆ ನೋಡಬೇಕೆಂದರೆ ಅಷ್ಟೂರಿನ ದಾರಿ ಹಿಡಿದು ಕೆಳಗೆ ಇಳಿಯಿರಿ. ಬಹಮನಿ ಸುಲ್ತಾನರ ಗೋರಿಗಳಿವೆಯಲ್ಲ, ಹೋಳಿ ಮುಗಿದ ಮೇಲೆ ಜಾತ್ರೆ ಆಗುತ್ತದಲ್ಲ, ಅಲ್ಲಿಗೆ. ಈ ಕೋಟೆ ಕಟ್ಟಿಸಿದ ಸುಲ್ತಾನ ಅಹ್ಮದ್ ಶಾಹನನ್ನು ವಲೀ, ಅಂದರೆ ಸಂತ, ಅಂತಲೂ ಅಲ್ಲಮಪ್ರಭು ಅಂತಲೂ ನಡೆದುಕೊಳ್ಳುವ, ಮಾಡಿಯಾಳದ ಜಂಗಮರು ಬಂದ ಮೇಲೆಯೇ ನಡೆಯುವ ಆ ಜಾತ್ರೆಗೆ ನಿಮ್ಮಲ್ಲಿ ಅರ್ಧ ಜನ ಹೋಗಿಯೇ ಇರುತ್ತೀರಿ. ಮುಂದಿನ ಸಲ ಹೋದಾಗ ಗುಮ್ಮಟದ ಕಡೆಗೆ ಬೆನ್ನು ಮಾಡಿ ಊರಿನ ಕಡೆ ತಿರುಗಿ ನಿಂತು ನೋಡಿ. ನೀವು ಎಷ್ಟು ಇಳಿದು ಬಂದಿದ್ದೀರಿ ಅಂತ ಆಗ ಗೊತ್ತಾಗುತ್ತದೆ.

ಈ ಹಾಸಿನ ಕಲ್ಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ರಾಜರ ಕಥೆ ಆಮೇಲೆ. ನನ್ನ ಪ್ರಕಾರ ಬೀದರಿನಲ್ಲಿ ರಾಜರಿಗಿಂತ ಕಲ್ಲೇ ಮುಖ್ಯ.

ನಮ್ಮ ಕಡೆ ಸುಮ್ನೆ ಕೆಂಪು ಕಲ್ಲು ಅಂತೀವಿ. ಪುಸ್ತಕದ ಕನ್ನಡದಲ್ಲಿ ಜಂಬಿಟ್ಟಿಗೆ. ಅದರ ಕೆಳಗೆ ಇರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ತಣ್ಣಗಾಗಿ ಆದದ್ದು. ಆ ಕರಿಕಲ್ಲಿನ ಮೇಲ್ಪದರವೇ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕಿ, ಕರಗುವುದೆಲ್ಲ ಕರಗಿ, ಕಬ್ಬಿಣ ಅಲ್ಯೂಮಿನಿಯಂ ಅಂಶ ಮಾತ್ರ ಉಳಿದು ಕೆಂಪಾಯಿತು. ಅಂದರೆ ಕೆಂಪು ಕಲ್ಲು ಬೇರೆ ಎಲ್ಲಿಂದಲೋ ಬಂದದ್ದಲ್ಲ. ಕರಿಕಲ್ಲೇ ಹಳೆಯದಾಗಿ ತುಕ್ಕು ಹಿಡಿದದ್ದು ಅಂದುಕೊಳ್ಳಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಕಡೆ ಈ ಕಲ್ಲು ನೋಡಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ. ಹೆಸರಿಟ್ಟವರು ಯಾರಾದರೇನು, ಈ ಕಲ್ಲು ಕಂಡವರಿಗೆಲ್ಲ ಇಟ್ಟಿಗೆಯೇ ನೆನಪಾಗಿದೆ.

ಯಾಕೆಂದರೆ ಇದನ್ನು ಇಟ್ಟಿಗೆಯ ಹಾಗೆಯೇ ಕತ್ತರಿಸಬಹುದು. ನೆಲದೊಳಗೆ ಇರುವಾಗ ಹಸಿ, ಮೆತ್ತಗೆ. ಮೇಲೆ ತಂದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಇನ್ನೊಂದು ಗುಣ, ಇದರ ತುಂಬ ತೂತು. ಮಳೆ ಬಿದ್ದರೆ ಮೇಲೆ ನಿಲ್ಲುವುದಿಲ್ಲ, ಸೀದಾ ಒಳಗೆ ಇಳಿಯುತ್ತದೆ. ಇಳಿಯುತ್ತ ಹೋಗಿ ಕೆಳಗಿನ ಜೇಡಿಮಣ್ಣು, ಕರಿಕಲ್ಲು ಸಿಕ್ಕಿದಾಗ ಮುಂದೆ ದಾರಿಯಿಲ್ಲ. ಅಲ್ಲೇ ಅಡ್ಡಕ್ಕೆ ಹರಿದು ಹಾಸಿನ ಅಂಚಿನಲ್ಲಿ ಎಲ್ಲಿ ಬಾಯಿ ಸಿಗುತ್ತದೋ ಅಲ್ಲಿ ಹೊರಗೆ ಬರುತ್ತದೆ. ಸಿಖ್ಖರ ಗುರುದ್ವಾರವಿರುವ ನಾನಕ್ ಝೀರಾದಲ್ಲಿ ಬರುವ ನೀರು ಅದೇ. ಪಾಪನಾಶದ ನೀರೂ ಅದೇ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನೀರಿನಲ್ಲಿ ನಡೆದು ದೇವರ ಹತ್ತಿರ ಹೋಗುತ್ತೀರಲ್ಲ, ಆ ನೀರೂ ಅದೇ. ಗುರುನಾನಕರು ಬಂದಾಗ ಚಿಮ್ಮಿತು ಅಂತ ಸಿಖ್ಖರ ನಂಬಿಕೆ, ನರಸಿಂಹ ಬಂದು ನೆಲೆಸಿದ ಅಂತ ನಮ್ಮ ಹಿರಿಯರ ನಂಬಿಕೆ. ನಂಬಿಕೆಗಳು ಬೇರೆ ಬೇರೆ, ಕಲ್ಲು ಮಾತ್ರ ಒಂದೇ.

ಈ ಎರಡು ಗುಣ ನೆನಪಿಟ್ಟುಕೊಳ್ಳಿ: ಕಡಿಯಲು ಸುಲಭ, ನೀರು ಕುಡಿಯುತ್ತದೆ. ಕೋಟೆಯ ಇಡೀ ಕಥೆ ಇದರ ಮೇಲೆಯೇ ನಿಂತಿದೆ.

ಈಗ ರಾಜರು. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ರಾಜಧಾನಿ ಕಲಬುರಗಿ. ಬೀದರ್ ಆಗಲೇ ಸಣ್ಣ ಊರೇನಲ್ಲ. ರಾಜ್ಯವನ್ನು ನಾಲ್ಕು ತರಫ್, ಅಂದರೆ ಪ್ರಾಂತ್ಯ, ಮಾಡಿದಾಗ ಬೀದರೂ ಒಂದು. ಅದಕ್ಕೂ ಮೊದಲು ಕಾಕತೀಯರ ಕೈಯಲ್ಲಿತ್ತು, ಆಮೇಲೆ ದೆಹಲಿಯವರ ಪಾಲಾಯಿತು. 1422ರಲ್ಲಿ ಅಹ್ಮದ್ ಶಾಹ ಪಟ್ಟಕ್ಕೆ ಬಂದ. ಅಣ್ಣ ಫಿರೋಜ್ ಶಾಹ ಪಾನಗಲ್ಲಿನಲ್ಲಿ ವಿಜಯನಗರದ ಎದುರು ಸೋತು ಎರಡು ವರ್ಷ ಆಗಿತ್ತು. ಪಟ್ಟಕ್ಕಾಗಿ ಅಣ್ಣ ತಮ್ಮಂದಿರ ಜಗಳವೂ ನಡೆದಿತ್ತು. ಸ್ವಲ್ಪ ದಿನಕ್ಕೇ ಅಹ್ಮದ್ ಶಾಹ ಗಂಟುಮೂಟೆ ಕಟ್ಟಿ ರಾಜಧಾನಿಯನ್ನು ಬೀದರಿಗೆ ತಂದ. ಕೋಟೆಯ ಕೆಲಸ 1432ರ ಹೊತ್ತಿಗೆ ಮುಗಿಯಿತು.

ಯಾಕೆ ತಂದ? ಕಥೆ ನಿಮಗೆಲ್ಲ ಗೊತ್ತು. ಸುಲ್ತಾನ ಬೇಟೆಗೆ ಬಂದಿದ್ದ, ನಾಯಿಗಳು ಒಂದು ನರಿಯನ್ನು ಅಟ್ಟಿದವು, ನರಿ ತಿರುಗಿ ನಿಂತು ನಾಯಿಗಳನ್ನೇ ಅಟ್ಟಿತು, ಇದು ಗಂಡುಭೂಮಿ ಅಂತ ಸುಲ್ತಾನ ಇಲ್ಲೇ ಊರು ಕಟ್ಟಿದ. ಇದೇ ಕಥೆಯಲ್ಲಿ ನರಿಯ ಜಾಗಕ್ಕೆ ಮೊಲ ಹಾಕಿದರೆ ಹಂಪಿ ಆಗುತ್ತದೆ. ಆ ಕಾಲದ ನಾಯಿಗಳನ್ನು ನೆನೆದರೆ ನನಗೆ ಅಯ್ಯೋ ಅನ್ನಿಸುತ್ತದೆ, ಹೋದ ಹೋದ ಕಡೆ ಹೊಡೆತ ತಿಂದು ಬಂದಿವೆ.

ನರಿಯನ್ನು ಬಿಡಿ. ಕಲಬುರಗಿಯ ಏಪ್ರಿಲ್ ತಿಂಗಳಿನಲ್ಲಿ ಒಂದು ವಾರ ಇದ್ದು, ಆಮೇಲೆ ಬೀದರಿಗೆ ಬಂದು ಸಂಜೆ ಕೋಟೆಯ ಗೋಡೆ ಮೇಲೆ ಕೂತರೆ ಯಾಕೆ ಬಂದ ಅಂತ ಅರ್ಧ ಗೊತ್ತಾಗುತ್ತದೆ. ಗಾಳಿ, ನೀರು, ಎತ್ತರ ಮೂರೂ ಇಲ್ಲಿವೆ. ಹಳೆಯ ಜಗಳಗಂಟರಿಂದ ದೂರ. ರಾಜ್ಯದ ನಡುಮಧ್ಯ. ಉಳಿದರ್ಧ ಏನೆಂದರೆ, ಇಲ್ಲಿ ಎರಡು ಕಡೆ ಕೋಟೆಯನ್ನು ಗುಡ್ಡವೇ ಕಟ್ಟಿಕೊಟ್ಟಿತ್ತು. ಬಡಗಣ ಮತ್ತು ಮೂಡಣ ದಿಕ್ಕಿಗೆ ನೆಲ ಕುಸಿದು ಕೆಳಗೆ ಇಳಿಯುತ್ತದೆ. ಅಲ್ಲಿಂದ ಹತ್ತಿ ಬಂದು ಯಾರೂ ಸುಲಭಕ್ಕೆ ಕಾದಾಡಲಾರರು. ತೊಂದರೆ ಇದ್ದದ್ದು ಉಳಿದ ಬದಿಗೆ. ಊರು ಇರುವ ಕಡೆ ನೆಲ ಸಪಾಟು. ಆನೆ, ಕುದುರೆ, ತೋಪು ಎಲ್ಲ ಆರಾಮಾಗಿ ಗೋಡೆಯ ಬುಡದವರೆಗೂ ಬರಬಹುದು.

ಆ ಬದಿಗೆ ಗುಡ್ಡ ಇರಲಿಲ್ಲ. ಅದಕ್ಕೇ ಅವರು ಗುಡ್ಡವನ್ನು ತಲೆಕೆಳಗು ಮಾಡಿದರು. ಮೇಲಕ್ಕೆ ಎಬ್ಬಿಸಲು ಆಗದ್ದನ್ನು ಕೆಳಕ್ಕೆ ಕಡಿದರು. ಅದೇ ಮೂರು ಸಾಲಿನ ಕಂದಕ.

ಈ ಕಂದಕವನ್ನು ನೀವು ಸಾವಿರ ಸಲ ನೋಡಿದ್ದೀರಿ, ಆದರೆ ಗಾಡಿ ಮೇಲೆ ಹೋಗುತ್ತ ನೋಡಿದ್ದೀರಿ. ಒಂದು ಸಲ ಇಳಿದು ಅಂಚಿಗೆ ನಿಂತು ನೋಡಿ. ಮೊದಲು ಒಂದು ಹಳ್ಳ. ಅದರಾಚೆ ಒಂದು ಗೋಡೆ. ಅದರಾಚೆ ಇನ್ನೊಂದು ಹಳ್ಳ, ಇನ್ನೊಂದು ಗೋಡೆ, ಮತ್ತೊಂದು ಹಳ್ಳ. ಆಮೇಲೆ ಕೋಟೆ. ನಡುವಿನ ಆ ಎರಡು ಗೋಡೆಗಳನ್ನು ಯಾರೂ ಕಟ್ಟಿಲ್ಲ. ಅವು ನೆಲವೇ. ಎರಡೂ ಕಡೆ ಕಡಿದು ನಡುವೆ ಬಿಟ್ಟ ಬಂಡೆ. ಬದನೆಕಾಯಿ ಸೀಳುವಾಗ ತೊಟ್ಟು ಬಿಟ್ಟು ಸೀಳುತ್ತಾರಲ್ಲ, ಹಾಗೆ. ಒಂದು ಕಡೆ ತಪ್ಪಿ ಕಡಿದರೆ ಮತ್ತೆ ಅಂಟಿಸಲು ಬರುವುದಿಲ್ಲ. ಅಷ್ಟುದ್ದ ಗೆರೆ ಹಾಕಿಕೊಂಡು, ಎಷ್ಟು ಬಿಡಬೇಕು ಎಷ್ಟು ತೆಗೆಯಬೇಕು ಅಂತ ಮೊದಲೇ ಲೆಕ್ಕ ಹಾಕಿ ಕೆಲಸ ಮಾಡಿದ್ದಾರೆ. ಗೋಡೆ ಕಟ್ಟುವವನಿಗೆ ನಾಳೆ ತಿದ್ದಿಕೊಳ್ಳುವ ಅವಕಾಶ ಇದೆ. ಕಡಿಯುವವನಿಗೆ ಇಲ್ಲ. ಅದಕ್ಕೇ ನನಗೆ ಕೋಟೆಯ ಬುರುಜುಗಳಿಗಿಂತ ಈ ಹಳ್ಳಗಳ ಮೇಲೆ ಗೌರವ ಜಾಸ್ತಿ.

ಮೂರು ಯಾಕೆ, ಒಂದೇ ಅಗಲವಾಗಿ ತೋಡಿದ್ದರೆ ಆಗುತ್ತಿರಲಿಲ್ಲವೇ ಅಂತ ಹಿಂದೊಮ್ಮೆ ಒಬ್ಬ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನೀವೇ ಹಗ್ಗ ಏಣಿ ಹಿಡಿದು ಬಂದ ಸಿಪಾಯಿ ಅಂದುಕೊಳ್ಳಿ. ಒಂದೇ ಹಳ್ಳ ಇದ್ದರೆ ಒಂದು ಸಲ ಇಳಿದು ಒಂದು ಸಲ ಹತ್ತಿದರೆ ಮುಗಿಯಿತು. ಇಲ್ಲಿ ಮೂರು ಸಲ ಇಳಿಯಬೇಕು, ಮೂರು ಸಲ ಹತ್ತಬೇಕು. ಪ್ರತಿ ಸಲ ಬಂಡೆಯ ನೆತ್ತಿಗೆ ಬಂದಾಗ ಬುರುಜಿನ ಮೇಲಿರುವವನಿಗೆ ಬೆಳ್ಳಗೆ ಕಾಣುತ್ತೀರಿ. ಏಣಿ ಸಾಗಿಸಬೇಕು, ಮದ್ದುಗುಂಡು ಸಾಗಿಸಬೇಕು, ಗಾಯಗೊಂಡವರನ್ನು ಸಾಗಿಸಬೇಕು. ಹಳ್ಳ ಮುಚ್ಚಿ ದಾರಿ ಮಾಡುತ್ತೇನೆ ಅಂದರೆ ಒಂದಲ್ಲ, ಮೂರು ಮುಚ್ಚಬೇಕು.

ಇನ್ನೊಂದು ಲೆಕ್ಕ. ಇಷ್ಟೆಲ್ಲ ಕಡಿದರೆ ಕಲ್ಲು ಎಲ್ಲಿ ಹೋಗಬೇಕು? ತಲೆ ಎತ್ತಿ ಗೋಡೆ ನೋಡಿ. ಕೆಂಪು ಕಲ್ಲು, ನಡುವೆ ಕರಿಕಲ್ಲು, ಗಾರೆ. ಸುತ್ತಳತೆ ಸುಮಾರು ನಾಲ್ಕು ಕಿಲೋಮೀಟರ್, 37 ಬುರುಜು. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು, ಕಲ್ಲಿಗಿಂತ ಕಲ್ಲು ತರುವ ಗಾಡಿಗೇ ದುಡ್ಡು ಜಾಸ್ತಿ. ಖಣಿಯೇ ಗೋಡೆಯ ಬುಡದಲ್ಲಿದ್ದರೆ ಎಷ್ಟು ಸಲೀಸು ಅಲ್ವಾ? ಹಳ್ಳ ಆಳವಾದಷ್ಟೂ ಗೋಡೆ ಎತ್ತರವಾಗುತ್ತದೆ. ಒಂದೇ ಕೆಲಸಕ್ಕೆ ಎರಡು ಫಲ.

ಬಾಗಿಲುಗಳ ಕಡೆ ಬರೋಣ. ಬಾಗಿಲುಗಳ ಹೆಸರು ಕೇಳಿದರೇ ಆ ಕಾಲದ ನಕ್ಷೆ ಕಣ್ಣಿಗೆ ಬರುತ್ತದೆ. ದೆಹಲಿ ದರ್ವಾಜಾ, ಕಲ್ಯಾಣಿ ದರ್ವಾಜಾ, ಕರ್ನಾಟಕ ದರ್ವಾಜಾ, ಮಾಂಡು ದರ್ವಾಜಾ. ಮಾಂಡು ಅಂದರೆ ಮಾಳವದ ರಾಜಧಾನಿ. ಆ ಕಡೆಯಿಂದ ಬಂದ ಸುಲ್ತಾನ ಮಹಮೂದ್ ಖಿಲ್ಜಿ 1462ರಲ್ಲಿ ಬೀದರ್ ಊರನ್ನು ಹಿಡಿದಿದ್ದ. ಆಗ ಬಹಮನಿ ಪಟ್ಟದ ಮೇಲೆ ಇದ್ದವನು ಒಬ್ಬ ಸಣ್ಣ ಹುಡುಗ. ಗುಜರಾತಿನ ಮಹಮೂದ್ ಬೇಗಡಾ ಸೈನ್ಯ ಕಳಿಸಿದ್ದಕ್ಕೆ ಮಾಳವದವರು ವಾಪಸು ಹೋದರು.

ಈಗ ನಾವೆಲ್ಲ ಒಳಗೆ ಹೋಗುವುದು ಊರ ಕಡೆಯಿಂದ. ಎರಡನೆಯ ಬಾಗಿಲು ಶರ್ಜಾ ದರ್ವಾಜಾ. 1503ರ ಶಾಸನ ಅದರ ಮೇಲಿದೆ. ಎದುರಿಗೆ ಎರಡು ಹುಲಿ ಕೆತ್ತಿದ್ದಾರೆ, ಅದಕ್ಕೇ ಆ ಹೆಸರು. ಹುಲಿಗಳ ಮುಖ ನೋಡಿದರೆ ಹೆದರಿಕೆಗಿಂತ ಪ್ರೀತಿಯೇ ಬರುತ್ತದೆ, ಅದು ನನ್ನ ಅಭಿಪ್ರಾಯ. ಅಲ್ಲಿಂದ ಮುಂದೆ ಗುಂಬಜ್ ದರ್ವಾಜಾ. ಇದು ಹಳೆಯದು, ಅಹ್ಮದ್ ಶಾಹನ ಕಾಲದ್ದು. ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದ ಹಾಗೆ ಒಳಕ್ಕೆ ವಾಲಿದೆ. ದೆಹಲಿಯ ತುಘಲಕರು ಕಟ್ಟುತ್ತಿದ್ದ ರೀತಿ. ನಮ್ಮ ಹಳ್ಳಿಗಳ ಅಗಸಿ, ಅಂದರೆ ಊರಬಾಗಿಲು, ನೆನಪು ಮಾಡಿಕೊಳ್ಳಿ. ಒಂದು ಅಗಸಿ ದಾಟಿದರೆ ಊರು ಬಂತು. ಇಲ್ಲಿ ಒಂದು ಅಗಸಿ ದಾಟಿದರೆ ಇನ್ನೊಂದು ಅಗಸಿಯ ಎದುರು, ಇಕ್ಕಟ್ಟಿನಲ್ಲಿ, ಮೂರು ಕಡೆ ಗೋಡೆಯ ನಡುವೆ ನಿಂತಿರುತ್ತೀರಿ. ದಾರಿಯೂ ನೆಟ್ಟಗಿಲ್ಲ, ಬಾಗುತ್ತದೆ. ಆನೆಗೆ ಓಡಿ ಬಂದು ಗುದ್ದಲು ಜಾಗ ಬೇಕು. ಆ ಜಾಗವನ್ನೇ ಕೊಟ್ಟಿಲ್ಲ. ಈಗ ಅದೇ ತಿರುವಿನಲ್ಲಿ ಎರಡು ಕಾರು ಎದುರುಬದುರಾಗಿ ಹಾರ್ನ್ ಹೊಡೆಯುತ್ತ ನಿಂತಿರುತ್ತವೆ. ಆರುನೂರು ವರ್ಷವಾದರೂ ಬಾಗಿಲು ತನ್ನ ಕೆಲಸ ಬಿಟ್ಟಿಲ್ಲ.

1470ರ ಆಸುಪಾಸಿನಲ್ಲಿ ಅಫನಾಸಿ ನಿಕಿಟಿನ್ ಅನ್ನುವ ರಷ್ಯಾದ ವ್ಯಾಪಾರಿ ಇಲ್ಲಿಗೆ ಬಂದಿದ್ದ. ತಂದಿದ್ದ ಒಂದು ಕುದುರೆ ಮಾರಿದ್ದೂ ಬೀದರಿನಲ್ಲೇ. ಅವನ ಪ್ರಕಾರ ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಿಗೂ ನೂರು ಕಾವಲುಗಾರರು, ನೂರು ಜನ ಬರೆಯುವವರು. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಅಂತ ಬರೆಯುವುದೇ ಅವರ ಕೆಲಸ. ಸರ್ಕಾರಿ ಆಫೀಸಿನಲ್ಲಿ ರಿಜಿಸ್ಟರಿಗೆ ಸಹಿ ಮಾಡಿ ಬೇಸರ ಪಡುವವರು ಇದನ್ನು ನೆನೆಸಿಕೊಳ್ಳಿ.

ಒಳಗಿನ ಕಟ್ಟಡಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಗೈಡುಗಳು ಹೇಳುತ್ತಾರೆ. ಸೋಲಾ ಖಂಬ ಮಸೀದಿಯಲ್ಲಿ ಹದಿನಾರೇ ಕಂಬ ಅಂದುಕೊಂಡು ಎಣಿಸಲು ಹೋಗಬೇಡಿ, ತಲೆ ಕೆಡುತ್ತದೆ. ನಡುವಿನಲ್ಲಿ ಎದುರಿಗೆ ಕಾಣುತ್ತಿದ್ದ ಹದಿನಾರಕ್ಕೆ ಆ ಹೆಸರು ಬಂತು. ಉದ್ದ ಸುಮಾರು 300 ಅಡಿ. ಅಲ್ಲಿ ಸಿಕ್ಕ ಶಾಸನ 1423-24ರದು. ಅಂದರೆ ಕೋಟೆಯ ಕೆಲಸ ಮುಗಿಯುವ ಮೊದಲೇ ಮಸೀದಿ ಇತ್ತು. ತಖ್ತ್ ಮಹಲಿನಲ್ಲಿ ಬಣ್ಣದ ಬಿಲ್ಲೆಗಳಲ್ಲಿ ಮಾಡಿದ ಹುಲಿ ಮತ್ತು ಹುಟ್ಟುವ ಸೂರ್ಯ ಇದೆ. ಹುಲಿಯ ಬೆನ್ನ ಹಿಂದೆ ಸೂರ್ಯ ಏಳುತ್ತಿದ್ದಾನೆ. ಪರ್ಷಿಯಾದ ಕೈ ಅದು, ನೋಡಿದ ಕೂಡಲೇ ಗೊತ್ತಾಗುತ್ತದೆ.

ರಂಗೀನ್ ಮಹಲಿನ ಮುಂದೆ ಮಾತ್ರ ಒಂದು ನಿಮಿಷ ನಿಲ್ಲುತ್ತೇನೆ. ಬಹಮನಿಗಳು ಮುಗಿದು ಬರೀದ್ ಶಾಹಿಗಳು ಬಂದ ಮೇಲಿನದು. ಅಲಿ ಬರೀದ್ 1542ರಿಂದ 1580ರವರೆಗೆ ಆಳಿದವನು, ಇದು ಅವನದೇ ಕೆಲಸ. ಗುಂಬಜ್ ದರ್ವಾಜಾದ ಪಕ್ಕಕ್ಕೇ ಇದೆ. ಅಷ್ಟು ದೊಡ್ಡ ಕೋಟೆಯಲ್ಲಿ ರಾಜ ಬಾಗಿಲ ಪಕ್ಕದಲ್ಲೇ ಯಾಕೆ ಮನೆ ಮಾಡಿಕೊಂಡ? ಕಾಲ ಕೆಟ್ಟಿತ್ತು, ಗಟ್ಟಿ ಗೋಡೆಯ ಮಗ್ಗುಲಲ್ಲಿ ಮಲಗಿದರೆ ನಿದ್ದೆ ಬರುತ್ತಿತ್ತೇನೋ. ಒಳಗೆ ಮರದ ಕಂಬಗಳ ಮೇಲೆ ಕುಸುರಿ. ಇನ್ನೂ ಒಳಗಿನ ಕೋಣೆಯ ಬಾಗಿಲವಾಡದಲ್ಲಿ ಕರಿಕಲ್ಲು. ಆ ಕರಿಕಲ್ಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆದು ಮುತ್ತಿನ ಚಿಪ್ಪಿನ ಚೂರು ಕೂರಿಸಿದ್ದಾರೆ. ಮೊಬೈಲಿನ ಬೆಳಕು ಬಿಟ್ಟು ಬಾಗಿಲಿನಿಂದ ಬರುವ ಬೆಳಕಿನಲ್ಲೇ ನೋಡಿ. ತಲೆ ಸ್ವಲ್ಪ ಆ ಕಡೆ ಈ ಕಡೆ ಮಾಡಿದರೆ ಚಿಪ್ಪು ಒಮ್ಮೆ ಬೆಳ್ಳಗೆ, ಒಮ್ಮೆ ನಸುಗೆಂಪು, ಒಮ್ಮೆ ನೀಲಿ. ಕಪ್ಪಿನ ಮೇಲೆ ಬಿಳಿ. ಈ ಜೋಡಿ ನೆನಪಿನಲ್ಲಿರಲಿ, ಆಮೇಲೆ ಮತ್ತೆ ಬರುತ್ತೇನೆ.

ಹಜಾರ್ ಕೋಠ್ರಿ ಅಂದರೆ ಸಾವಿರ ಕೋಣೆ. ಸಾವಿರ ಅನ್ನುವುದು ಬಾಯಿಮಾತು. ನೆಲದ ಕೆಳಗೆ ಒಂದಕ್ಕೊಂದು ಸೇರಿದ ಕೋಣೆಗಳು, ಅಲ್ಲಿಂದ ಕಂದಕದ ಕಡೆ ಹೊರಗೆ ಹೋಗುವ ದಾರಿ. ಆಪತ್ತಿನಲ್ಲಿ ರಾಜಮನೆತನದವರು ತಪ್ಪಿಸಿಕೊಳ್ಳಲು. ನಮ್ಮ ಮುತ್ಯಾನ ಕಾಲದಲ್ಲಿ ಮನೆಮನೆಗೂ ಹಗೇವು ಇರುತ್ತಿತ್ತು. ನೆಲ ತೋಡಿ ಜೋಳ ಹಾಕಿ ಬಾಯಿ ಮುಚ್ಚಿದರೆ ಕಳ್ಳನಿಗೂ ಸಿಗದು, ಇಲಿಗೂ ಸಿಗದು. ಬೆಲೆಬಾಳುವುದನ್ನು ನೆಲದೊಳಗೆ ಇಡುವ ಬುದ್ಧಿ ಈ ಸೀಮೆಯದು. ರಾಜರು ಜೋಳದ ಬದಲು ತಮ್ಮನ್ನೇ ಇಟ್ಟುಕೊಂಡರು.

ಇಷ್ಟೆಲ್ಲ ಅಗೆದ ಕೋಟೆ ಕೊನೆಗೆ ಬಿದ್ದದ್ದು ಹೇಗೆ? ಅದನ್ನೂ ಹೇಳಬೇಕು. ಬರೀ ಹೊಗಳಿದರೆ ಉಪನ್ಯಾಸ ಆಗುವುದಿಲ್ಲ, ಜಾಹೀರಾತು ಆಗುತ್ತದೆ.

1619ರಲ್ಲಿ ಬೀದರ್ ವಿಜಯಪುರದ ಆದಿಲಶಾಹಿಗಳ ಕೈಗೆ ಬಂತು. 1657ರ ಮಾರ್ಚ್ ತಿಂಗಳಲ್ಲಿ ಔರಂಗಜೇಬ ಮುತ್ತಿಗೆ ಹಾಕಿದ. ಆಗ ಅವನಿನ್ನೂ ಬಾದಶಹ ಆಗಿರಲಿಲ್ಲ, ದಖ್ಖನಿನ ಸುಬೇದಾರ. ಜೊತೆಗೆ ಮೀರ್ ಜುಮ್ಲಾ, ಅವನ ತೋಪುಗಳು. ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್, ಆಫ್ರಿಕಾ ಮೂಲದ ಹಬಶಿ, ಹಳೆಯ ಹುಲಿ. ಮೇಲಿನಿಂದ ಗುಂಡು ಸುರಿಯುತ್ತಿದ್ದರೂ ಎರಡೇ ದಿನದಲ್ಲಿ ಮೀರ್ ಜುಮ್ಲಾ ತೋಪುಗಳನ್ನು ಕಂದಕದ ಅಂಚಿಗೆ ತಂದು ನಿಲ್ಲಿಸಿದ. ಕಂದಕ ಮುಚ್ಚಲು ಶುರುಮಾಡಿದ. ಎರಡು ಬುರುಜು ಉರುಳಿದವು. ಆದರೂ ಮರ್ಜಾನ್ ಬಿಡಲಿಲ್ಲ, ಹಗಲು ರಾತ್ರಿ ಹೊರಗೆ ಬಂದು ಬಡಿದು ಒಳಗೆ ಹೋಗುತ್ತಿದ್ದ. 27ನೇ ದಿನ ಮೊಗಲರು ನುಗ್ಗಿದಾಗ ಒಂದು ಬೆಂಕಿಯ ಬಾಣ ಬುರುಜಿನ ಹಿಂದೆ ಕೂಡಿಟ್ಟ ಸಿಡಿಮದ್ದಿನ ಮೇಲೆ ಬಿತ್ತು. ಮದ್ದು ಸಿಡಿದು ಮರ್ಜಾನ್, ಅವನ ಇಬ್ಬರು ಮಕ್ಕಳು, ಸುತ್ತ ಇದ್ದವರು ಮೈಯೆಲ್ಲ ಸುಟ್ಟುಕೊಂಡರು. ಸಾಯುವ ಹೊತ್ತಿಗೆ ಮರ್ಜಾನ್ ಕೋಟೆಯ ಬೀಗದಕೈ ಒಪ್ಪಿಸಿದ. ಮೊಗಲರ ಲೆಕ್ಕದಲ್ಲಿ ಒಳಗೆ ಸಿಕ್ಕ ತೋಪುಗಳೇ 230.

ಬೀದರಿಗೂ ಮದ್ದಿಗೂ ಆಗಿಬರುವುದಿಲ್ಲ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಒಂದು ಭಾಗ 1696ರಲ್ಲಿ ಹಾರಿಹೋದದ್ದೂ ಅಲ್ಲಿ ಮದ್ದು ತುಂಬಿಟ್ಟದ್ದಕ್ಕೇ. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟರೆ ಇನ್ನೇನಾಗುತ್ತದೆ.

ನೀರಿನ ಮಾತು ಬಾಕಿ ಇದೆ. ಗುಡ್ಡದ ಮೇಲಿನ ಯಾವ ಕೋಟೆಗಾದರೂ ಮೊದಲ ಶತ್ರು ಬಾಯಾರಿಕೆ. ಗೋಡೆ ಒಡೆಯದೆ, ಒಂದು ಗುಂಡೂ ಹಾರಿಸದೆ, ಸುಮ್ನೆ ಎರಡು ಬೇಸಿಗೆ ಸುತ್ತುಗಟ್ಟಿ ಕೂತರೆ ಒಳಗಿನವರು ತಾವಾಗಿಯೇ ಇಳಿದು ಬರುತ್ತಾರೆ. ಇಲ್ಲಿ ಕೆಂಪು ಕಲ್ಲಿನ ಎರಡನೆಯ ಗುಣ ಕೆಲಸಕ್ಕೆ ಬಂತು. ಬಾವಿಗಳಿದ್ದವು ಸರಿ. ಅದರ ಜೊತೆಗೆ ಬೀದರಿನ ಸುತ್ತ ಇನ್ನೊಂದು ಏರ್ಪಾಡು ಇತ್ತು, ಕರೇಜ್, ಅಂದರೆ ನೆಲದೊಳಗಿನ ಕಾಲುವೆ.

ಅಹ್ಮದ್ ಶಾಹನಿಗೆ ಪರ್ಷಿಯಾದ ಕಡೆ ಬಹಳ ಒಲವು. ಕಿರ್ಮಾನಿನ ಶಾಹ ನಿಯಾಮತುಲ್ಲಾ ಅನ್ನುವ ಸೂಫಿಯನ್ನು ಕರೆಸಲು ನೋಡಿದ, ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಅಷ್ಟೂರಿನ ದಾರಿಯಲ್ಲಿ ಚೌಖಂಡಿ ಅನ್ನುವ ಗೋರಿ ಇದೆಯಲ್ಲ, ಅದು ಅದೇ ಮನೆತನದ್ದು. ಸೂಫಿಗಳ ಹಿಂದೆ ಕವಿಗಳು ಬಂದರು, ಸಿಪಾಯಿಗಳು ಬಂದರು, ಕುಶಲಕರ್ಮಿಗಳು ಬಂದರು. ಅವರ ಜೊತೆಗೆ ನೆಲದೊಳಗೆ ನೀರು ಹರಿಸುವ ವಿದ್ಯೆಯೂ ಬಂತು. ಪರ್ಷಿಯಾ ಮರುಭೂಮಿ. ಅಲ್ಲಿ ಕಾಲುವೆ ತೆರೆದಿಟ್ಟರೆ ಬಿಸಿಲೇ ಕುಡಿದುಬಿಡುತ್ತದೆ. ಅದಕ್ಕೆ ಅವರು ಕಾಲುವೆಯನ್ನು ನೆಲದ ಕೆಳಗೆ ಇಟ್ಟರು.

ಕೆಲಸ ಹೇಗೆ ಅಂದರೆ, ಎತ್ತರದ ಜಾಗದಲ್ಲಿ ನೀರಿನ ಮಟ್ಟ ಸಿಗುವವರೆಗೂ ಒಂದು ತಾಯಿಬಾವಿ ತೋಡುತ್ತಾರೆ. ಅದರ ತಳದಿಂದ ಒಂದು ಸುರಂಗ. ಸುರಂಗಕ್ಕೆ ಇಳಿಜಾರು ಇರಬೇಕು, ಆದರೆ ಬಹಳ ಸಣ್ಣ ಇಳಿಜಾರು. ಜಾಸ್ತಿಯಾದರೆ ನೀರು ಓಡಿ ತಳ ಕೊರೆಯುತ್ತದೆ, ಕಡಿಮೆಯಾದರೆ ನಿಂತು ಕೆಸರಾಗುತ್ತದೆ. ಮೇಲಿನ ನೆಲ ಅದಕ್ಕಿಂತ ಬೇಗ ಇಳಿಯುತ್ತದೆ. ಹಾಗಾಗಿ ಒಂದು ಕಡೆ ಸುರಂಗ ತಾನಾಗಿ ಬೆಳಕಿಗೆ ಬರುತ್ತದೆ. ಅಲ್ಲಿ ನೀರು. ಪಂಪಿಲ್ಲ, ರಾಟೆಯಿಲ್ಲ, ಎತ್ತಿಲ್ಲ. ದಾರಿಯುದ್ದಕ್ಕೂ ಬಾವಿಯಂಥ ಬಾಯಿಗಳನ್ನು ಬಿಡುತ್ತಾರೆ. ಕಡಿದ ಮಣ್ಣು ಮೇಲೆ ಎತ್ತಲು, ಒಳಗಿರುವವನಿಗೆ ಗಾಳಿ ಬರಲು, ಆಮೇಲೆ ಹೂಳು ತೆಗೆಯಲು.

ಬೀದರಿನ ಪಕ್ಕದ ನೌಬಾದಿನಲ್ಲಿ ಈ ಕರೇಜ್ ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ ಇದೆ, ಇಪ್ಪತ್ತಕ್ಕೂ ಜಾಸ್ತಿ ಬಾಯಿಗಳು. ಎಷ್ಟೋ ವರ್ಷ ಅವನ್ನು ಹಾಳುಬಾವಿ ಅಂದುಕೊಂಡು ಕಸ ಹಾಕಿದ್ದೆವು. ಹತ್ತು ವರ್ಷಗಳ ಹಿಂದೆ ಹೂಳು ತೆಗೆದಾಗ ಒಂದು ಬಾಯಿಗೂ ಇನ್ನೊಂದಕ್ಕೂ ಕೆಳಗೆ ನಂಟಿದೆ ಅಂತ ಊರವರಿಗೂ ಗೊತ್ತಾಯಿತು. ಕಸ ಹಾಕಿದವರಲ್ಲಿ ನಾನೂ ಒಬ್ಬ. ಸಣ್ಣವನಿದ್ದಾಗ ಆ ಕಡೆ ನಮ್ಮ ಕಾಕಾನ ಮನೆ ಇತ್ತು. ಬಾಯಿಯೊಳಗೆ ಕಲ್ಲು ಎಸೆದು ಬುಳುಕ್ ಅನ್ನುವ ಸದ್ದಿಗೆ ಕಾಯುವುದೇ ನಮ್ಮ ಆಟ. ಆರುನೂರು ವರ್ಷದ ನೀರಿನ ದಾರಿಗೆ ಕಲ್ಲು ಹಾಕುತ್ತಿದ್ದೇವೆ ಅಂತ ಯಾರು ಹೇಳಬೇಕು?

ಈ ವಿದ್ಯೆ ಪರ್ಷಿಯಾದಿಂದಲೇ ಬರಬೇಕಾಗಿತ್ತೇ ಅಂತ ಕೇಳಬಹುದು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ತೋಟದವರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರೆ. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಅಂಥ ಸುರಂಗ ಕೊರೆದು ಒಣ ಗುಡ್ಡದಲ್ಲಿ ಅಡಿಕೆ ತೋಟ ಮಾಡಿದವರು. ಅಲ್ಲಿನದೂ ಇದೇ ಕೆಂಪು ಕಲ್ಲು, ಅವರ ಭಾಷೆಯಲ್ಲಿ ಮುರಕಲ್ಲು. ಎಲ್ಲಿ ಈ ಕಲ್ಲು ಇದೆಯೋ ಅಲ್ಲಿ ಮನುಷ್ಯನಿಗೆ ಕೊರೆಯುವ ಮನಸ್ಸಾಗುತ್ತದೆ ಅಂತ ಕಾಣುತ್ತದೆ. ಬೀದರಿನಲ್ಲಿ ಆ ಮನಸ್ಸಿಗೆ ಪರ್ಷಿಯಾದ ಲೆಕ್ಕಾಚಾರ ಜೊತೆಯಾಯಿತು.

ಕೊನೆಯದಾಗಿ ಮಣ್ಣು. ಇಷ್ಟು ಹೊತ್ತು ಕಲ್ಲು ತೆಗೆದದ್ದು ಹೇಳಿದೆ. ಈ ಕೋಟೆಯಿಂದ ಇವತ್ತಿಗೂ ಮಣ್ಣು ತೆಗೆಯುತ್ತಾರೆ, ಹಿಡಿ ಹಿಡಿಯಾಗಿ.

ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕುಸುರಿ. ಆ ಕೆಲಸದ ಮನೆಗೆ ಹೋದವರಿಗೆ ಗೊತ್ತಿರುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಅಚ್ಚು ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಹಚ್ಚುತ್ತಾರೆ, ಗೆರೆ ಕಾಣಲಿ ಅಂತ.ಆಮೇಲೆ ಉಳಿ ಹಿಡಿದು ಹೂವು ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಬೆಳ್ಳಿಯೂ ಬೂದು, ಪಾತ್ರೆಯೂ ಬೂದು. ಇಷ್ಟು ದಿನ ಕಷ್ಟಪಟ್ಟದ್ದು ಕಾಣುವುದೇ ಇಲ್ಲ. ಆಗ ಬರುತ್ತದೆ ಕೋಟೆಯ ಮಣ್ಣು.

ಎಲ್ಲ ಮಣ್ಣೂ ನಡೆಯುವುದಿಲ್ಲ. ಬಿಸಿಲು ಮಳೆ ತಾಗದ, ಹಳೆಯ ಗೋಡೆಯ ಒಳಮೈಯಲ್ಲಿ ಇರುವ ಮಣ್ಣೇ ಬೇಕು. ಗುರುತು ಹಿಡಿಯುವುದು ಹೇಗೆ ಅಂತ ನಾನು ಒಬ್ಬ ಕೆಲಸಗಾರರನ್ನು ಕೇಳಿದೆ. ಅವರು ಚಿಟಿಕೆ ಮಣ್ಣು ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ‘ನೀವೂ ನೋಡ್ರಿ’ ಅಂದರು. ನಾನೂ ಇಟ್ಟುಕೊಂಡೆ. ಮೊದಲು ಬರೀ ಮಣ್ಣು. ಆಮೇಲೆ ನಾಲಿಗೆಯ ಅಂಚಿಗೆ ಸಣ್ಣಗೆ ಉಪ್ಪು, ಅದರ ಹಿಂದೆ ಒಂದು ಚುರುಕು, ಸೋಡಾ ಕುಡಿದ ಹಾಗೆ. ‘ಬಂತಾ?’ ಅಂದರು. ಬಂತು ಅಂದೆ. ‘ಅದು ಬರಲಿಲ್ಲಂದ್ರ ಕಪ್ಪು ಬರಂಗಿಲ್ಲ.’

ಆ ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಸೇರಿಸಿ ನೀರಿನಲ್ಲಿ ಕುದಿಸಿದರು. ಬೂದು ಬಣ್ಣದ ಒಂದು ಸಣ್ಣ ಡಬ್ಬಿಯನ್ನು ಅದರಲ್ಲಿ ಮುಳುಗಿಸಿ ಹೊರಳಿಸಿದರು. ಹೊರಗೆ ತೆಗೆದಾಗ ಡಬ್ಬಿ ಕಡುಕಪ್ಪು. ಬೆಳ್ಳಿಗೆ ಏನೂ ಆಗಿರಲಿಲ್ಲ, ಬೆಳ್ಳಗೆ ಹಾಗೇ ಇತ್ತು. ಒಂದು ಬಟ್ಟೆಯಲ್ಲಿ ಎಣ್ಣೆ ಅದ್ದಿ ಒರೆಸಿ ನನ್ನ ಕೈಗೆ ಕೊಟ್ಟರು. ರಂಗೀನ್ ಮಹಲಿನ ಕರಿಕಲ್ಲು, ಅದರಲ್ಲಿನ ಚಿಪ್ಪು ನೆನಪಾಯಿತು. ಡಬ್ಬಿ ಇನ್ನೂ ಬೆಚ್ಚಗಿತ್ತು.